ಕ್ರೆಡಿಟ್ ಕಾರ್ಡಿನ ಪಾಯಿಂಟುಗಳು ಮತ್ತು ಕುಟುಂಬದ ವಿಮಾನ ಪ್ರಯಾಣ

ಉದ್ಯೋಗದ ನಿಮಿತ್ತ ದೆಹಲಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಿಬರುವುದು ದೊಡ್ಡ ಖರ್ಚಿನ ಬಾಬತ್ತು. ದೆಹಲಿಯಿಂದ ಬೆಂಗಳೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ರೈಲಿನ ಹಾದಿ ಸುಮಾರು 2,400 ಕಿ.ಮೀ.; ಪ್ರಯಾಣದಲ್ಲಿ ಎರಡು ರಾತ್ರಿಗಳು ಕಳೆಯುತ್ತವೆ. ವಿಮಾನವಾದರೆ ಮೂರು ಗಂಟೆಯೊಳಗೆ ತಲುಪಿಸುತ್ತದೆ. ಮಕ್ಕಳ ಶಾಲೆಯ ರಜೆ, ನೌಕರಿಯ ರಜೆ, ಊರಿನಲ್ಲಿರುವ ವೃದ್ಧ ತಂದೆತಾಯಿಗಳ ಆರೋಗ್ಯ ಇವೆಲ್ಲವನ್ನೂ ಹೊಂದಿಸಿಕೊಳ್ಳಬೇಕಾದವರು ವಿಮಾನವನ್ನೇ ಆಶ್ರಯಿಸುವುದು ಸಹಜ. ಇಂತಹ ಕುಟುಂಬಗಳಿಗೆ ಬ್ಯಾಂಕುಗಳು ಒಂದು ಆಕರ್ಷಣೆಯನ್ನು ಮುಂದಿಡುತ್ತವೆ: ಮನೆಖರ್ಚನ್ನೆಲ್ಲ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದರೆ ಪಾಯಿಂಟುಗಳು ಸೇರುತ್ತವೆ, ಆ ಪಾಯಿಂಟುಗಳಿಂದ ವಿಮಾನದ ಟಿಕೆಟ್ಟು ಉಚಿತವಾಗಿ ದೊರೆಯುತ್ತದೆ ಎಂಬುದೇ ಅದು.

ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಎಷ್ಟು ಸತ್ಯ, ಯಾರ ಪಾಲಿಗೆ ಸತ್ಯ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಆ ಲೆಕ್ಕದ ವಿಧಾನವನ್ನು ವಿವರಿಸುವುದು ಈ ಪಾಠದ ಉದ್ದೇಶ.

ಪಾಯಿಂಟು ಎಲ್ಲಿಂದ ಬರುತ್ತದೆ?

ಅಂಗಡಿಯಲ್ಲಿ ಗ್ರಾಹಕನು ಕ್ರೆಡಿಟ್ ಕಾರ್ಡಿನಿಂದ ಹಣ ಪಾವತಿ ಮಾಡಿದಾಗ ಅಂಗಡಿಯವನಿಗೆ ಪೂರ್ಣ ಮೊತ್ತ ಸೇರುವುದಿಲ್ಲ. ಅದರಲ್ಲಿ ಒಂದು ಸಣ್ಣ ಅಂಶ ಶುಲ್ಕದ ರೂಪದಲ್ಲಿ ಕಡಿತವಾಗಿ ಬ್ಯಾಂಕುಗಳಿಗೂ ಕಾರ್ಡಿನ ಜಾಲವನ್ನು ನಡೆಸುವ ಸಂಸ್ಥೆಗೂ ಹಂಚಿಕೆಯಾಗುತ್ತದೆ. ಗ್ರಾಹಕನು ತೆರುವ ವಾರ್ಷಿಕ ಶುಲ್ಕ, ಗಡುವು ಮೀರಿದವರಿಂದ ಬರುವ ಬಡ್ಡಿ ಮತ್ತು ದಂಡ ಇವು ಬ್ಯಾಂಕಿನ ಇತರ ಆದಾಯಗಳು. ಈ ಆದಾಯದ ಒಂದು ಪಾಲನ್ನೇ ಬ್ಯಾಂಕು ಪಾಯಿಂಟುಗಳ ರೂಪದಲ್ಲಿ ಗ್ರಾಹಕರಿಗೆ ಹಿಂದಿರುಗಿಸುತ್ತದೆ. ಹೀಗಾಗಿ ಬಿಲ್ಲನ್ನು ಗಡುವಿನೊಳಗೆ ಪೂರ್ಣವಾಗಿ ತೀರಿಸುವವನು ಪಡೆಯುವ ಟಿಕೆಟ್ಟಿನ ಬೆಲೆಯನ್ನು, ತೀರಿಸಲಾಗದೆ ಬಡ್ಡಿ ಕಟ್ಟುವ ಇನ್ನೊಬ್ಬನು ಭಾಗಶಃ ತೆರುತ್ತಿರುತ್ತಾನೆ. ತಾನು ಈ ಇಬ್ಬರಲ್ಲಿ ಯಾರು ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಮೊದಲು ನಿರ್ಧರಿಸಿಕೊಳ್ಳಬೇಕು.

ವಿಮಾನ ಸಂಸ್ಥೆಗಳು ತಮ್ಮ ಖಾಯಂ ಪ್ರಯಾಣಿಕರಿಗೆ ಮೈಲುಗಳನ್ನು ಜಮಾ ಮಾಡುವ ಪದ್ಧತಿಯು ವ್ಯಾಪಕವಾದುದು 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಇಂತಹ ಯೋಜನೆಯನ್ನು ಆರಂಭಿಸಿದ ನಂತರ. ನಮ್ಮ ದೇಶದಲ್ಲಿ ಈ ಪದ್ಧತಿ 1990ರ ದಶಕದಲ್ಲಿ ಬೇರೂರಿತು. ಅನಂತರ ಬ್ಯಾಂಕುಗಳು ವಿಮಾನ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡುದರಿಂದ, ವಿಮಾನ ಹತ್ತದೆಯೇ ದಿನಸಿ, ಔಷಧಿ, ಬಟ್ಟೆಬರೆಗಳ ಖರೀದಿಯಿಂದಲೂ ಮೈಲುಗಳನ್ನು ಗಳಿಸುವುದು ಸಾಧ್ಯವಾಯಿತು. ಹೆಸರು ಮೈಲು ಎಂದಿದ್ದರೂ ಇದಕ್ಕೂ ದೂರಕ್ಕೂ ಈಗ ಹೆಚ್ಚಿನ ನಂಟಿಲ್ಲ. ಇದು ವಿಮಾನ ಸಂಸ್ಥೆಯೇ ಮುದ್ರಿಸಿ, ತಾನೇ ಬೆಲೆ ಕಟ್ಟುವ ಒಂದು ಬಗೆಯ ಚೀಟಿ ಎಂದು ತಿಳಿದರೆ ಸಾಕು.

ಪಾಯಿಂಟಿನ ಬೆಲೆ ಕಟ್ಟುವ ಬಗೆ

ಹತ್ತು ಸಾವಿರ ಪಾಯಿಂಟು ಎಂದರೆ ಕಿವಿಗೆ ದೊಡ್ಡದಾಗಿ ಕೇಳಿಸುತ್ತದೆ. ಅದನ್ನು ರೂಪಾಯಿ ಪೈಸೆಗೆ ಇಳಿಸಿದಾಗ ಮಾತ್ರ ನಿಜವಾದ ಬೆಲೆ ತಿಳಿಯುತ್ತದೆ. ಸೂತ್ರ ಸರಳವಾಗಿದೆ: ಹಣ ಕೊಟ್ಟು ಕೊಂಡರೆ ಟಿಕೆಟ್ಟಿಗೆ ಎಷ್ಟಾಗುತ್ತದೆಯೋ ಅದರಿಂದ, ಪಾಯಿಂಟಿನ ಟಿಕೆಟ್ಟಿಗೂ ಕೈಯಿಂದ ಕೊಡಬೇಕಾದ ತೆರಿಗೆ ಮತ್ತು ಶುಲ್ಕಗಳನ್ನು ಕಳೆಯಬೇಕು. ಉಳಿದ ಮೊತ್ತವನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಬೇಕು.

ಒಂದು ಉದಾಹರಣೆಯನ್ನು ನೋಡಬಹುದು. ಇಲ್ಲಿಯ ಅಂಕಿಗಳು ಲೆಕ್ಕವನ್ನು ತಿಳಿಸಲು ಇಟ್ಟುಕೊಂಡವು. ಓದುಗರು ಇವುಗಳ ಜಾಗದಲ್ಲಿ ತಮ್ಮ ಕಾರ್ಡಿನ ಅಂಕಿಗಳನ್ನು ಹಾಕಿಕೊಳ್ಳಬೇಕು. ದೆಹಲಿಯಿಂದ ಬೆಂಗಳೂರಿಗೆ ಒಂದು ಕಡೆಯ ಟಿಕೆಟ್ಟು 7,500 ರೂಪಾಯಿ ಎಂದಿರಲಿ. ಅದೇ ಆಸನಕ್ಕೆ 10,500 ಪಾಯಿಂಟುಗಳ ಜೊತೆಗೆ 1,200 ರೂಪಾಯಿ ತೆರಿಗೆ ಕೊಡಬೇಕೆಂದಿರಲಿ. 7,500ರಲ್ಲಿ 1,200 ಕಳೆದರೆ 6,300. ಅದನ್ನು 10,500ರಿಂದ ಭಾಗಿಸಿದರೆ ಒಂದು ಪಾಯಿಂಟಿನ ಬೆಲೆ 60 ಪೈಸೆ. ಅದೇ ಪಾಯಿಂಟುಗಳನ್ನು ಕೊಟ್ಟು 2,100 ರೂಪಾಯಿ ಬೆಲೆಯ ಮಿಕ್ಸರನ್ನು ತರಿಸಿಕೊಂಡರೆ ಪಾಯಿಂಟಿಗೆ ಸಿಗುವುದು 20 ಪೈಸೆ ಮಾತ್ರ. ಒಂದೇ ಪಾಯಿಂಟು ಬಳಸುವ ಬಗೆಯಿಂದ ಮೂರು ಪಟ್ಟು ಬೆಲೆ ಬಾಳಬಹುದು, ಮೂರರಲ್ಲೊಂದು ಭಾಗಕ್ಕೆ ಇಳಿಯಲೂಬಹುದು.

ಬ್ಯಾಂಕಿನ ಪಾಯಿಂಟುಗಳನ್ನು ವಿಮಾನ ಸಂಸ್ಥೆಯ ಪಾಯಿಂಟುಗಳನ್ನಾಗಿ ಪರಿವರ್ತಿಸಬೇಕಾದ ಕಾರ್ಡುಗಳಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಕೆಲವೆಡೆ ಬ್ಯಾಂಕಿನ ಎರಡು ಪಾಯಿಂಟು ವಿಮಾನ ಸಂಸ್ಥೆಯ ಒಂದಕ್ಕೆ ಸಮ. ಒಮ್ಮೆ ವರ್ಗಾಯಿಸಿದ ಪಾಯಿಂಟುಗಳು ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಆದ್ದರಿಂದ ಬೇಕಾದ ದಿನದಂದು ಆಸನವಿದೆಯೆಂದು ಖಚಿತವಾದ ಮೇಲೆಯೇ ವರ್ಗಾವಣೆ ಮಾಡುವುದು ಯುಕ್ತ.

ನಾಲ್ವರ ಕುಟುಂಬದ ಲೆಕ್ಕ

ದೆಹಲಿಯಲ್ಲಿ ವಾಸಿಸುವ ಗಂಡ, ಹೆಂಡತಿ, ಹನ್ನೊಂದು ಮತ್ತು ಏಳು ವರ್ಷದ ಇಬ್ಬರು ಮಕ್ಕಳ ಕುಟುಂಬವನ್ನು ತೆಗೆದುಕೊಳ್ಳೋಣ. ಮನೆಬಾಡಿಗೆಯನ್ನು ಬಿಟ್ಟು ಕಾರ್ಡಿನಲ್ಲಿ ಮಾಡಬಹುದಾದ ಖರ್ಚು ತಿಂಗಳಿಗೆ 40,000 ರೂಪಾಯಿ. ಕಾರ್ಡು 100 ರೂಪಾಯಿಗೆ 2 ಪಾಯಿಂಟು ಕೊಡುತ್ತದೆ. ಅದರ ವಾರ್ಷಿಕ ಶುಲ್ಕ 1,000 ರೂಪಾಯಿ, ಶೇ. 18ರ ಜಿ.ಎಸ್.ಟಿ. ಸೇರಿ 1,180 ರೂಪಾಯಿ.

ಈ ಲೆಕ್ಕದಲ್ಲಿ ತಿಂಗಳಿಗೆ 800, ವರ್ಷಕ್ಕೆ 9,600 ಪಾಯಿಂಟುಗಳು ಸೇರುತ್ತವೆ. ಪಾಯಿಂಟಿಗೆ 60 ಪೈಸೆಯಂತೆ ಇದರ ಬೆಲೆ 5,760 ರೂಪಾಯಿ. ವಾರ್ಷಿಕ ಶುಲ್ಕವನ್ನು ಕಳೆದರೆ ನಿವ್ವಳ ಲಾಭ 4,580 ರೂಪಾಯಿ.

ಇನ್ನು ಖರ್ಚಿನ ಬದಿಯನ್ನು ನೋಡಬೇಕು. ನಾಲ್ವರು ಹೋಗಿ ಬರಲು ಎಂಟು ಟಿಕೆಟ್ಟುಗಳು ಬೇಕು. ಹಣ ಕೊಟ್ಟು ಕೊಂಡರೆ 60,000 ರೂಪಾಯಿ. ಪಾಯಿಂಟುಗಳಿಂದಲೇ ಕೊಳ್ಳುವುದಾದರೆ 84,000 ಪಾಯಿಂಟುಗಳು, ಜೊತೆಗೆ 9,600 ರೂಪಾಯಿ ತೆರಿಗೆ. ವರ್ಷಕ್ಕೆ 9,600ರಂತೆ ಕೂಡಿಸುತ್ತ ಹೋದರೆ 84,000 ಆಗಲು 8 ವರ್ಷ 9 ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಹಿರಿಯ ಮಗುವಿನ ಶಾಲೆಯೇ ಮುಗಿದಿರುತ್ತದೆ. ಅಲ್ಲದೆ ಅನೇಕ ಕಾರ್ಡುಗಳಲ್ಲಿ ಪಾಯಿಂಟುಗಳಿಗೆ ಎರಡು ಅಥವಾ ಮೂರು ವರ್ಷಗಳ ಆಯುಸ್ಸು ಮಾತ್ರ ಇರುವುದರಿಂದ ಅಷ್ಟು ಕಾಲ ಕಾಯಲು ಅವಕಾಶವೂ ಇಲ್ಲ.

ಹಾಗೆಂದು ಇದು ನಿಷ್ಪ್ರಯೋಜಕವೆಂದು ತಿಳಿಯಬೇಕಾಗಿಲ್ಲ. ಪಾಯಿಂಟುಗಳಿಗೆ ಮೂರು ವರ್ಷಗಳ ಆಯುಸ್ಸಿದ್ದರೆ ಅಷ್ಟರಲ್ಲಿ 28,800 ಪಾಯಿಂಟುಗಳು ಸೇರುತ್ತವೆ. ಅವುಗಳಿಂದ ಎಂಟರಲ್ಲಿ ಎರಡು ಟಿಕೆಟ್ಟುಗಳನ್ನು ಪಡೆದು ಉಳಿದ ಆರನ್ನು ಹಣ ಕೊಟ್ಟು ಕೊಳ್ಳಬಹುದು. ಇಡೀ ಕುಟುಂಬದ ಪ್ರಯಾಣ ಉಚಿತವಾಗುವುದೆಂಬ ನಿರೀಕ್ಷೆಯನ್ನು ಬಿಟ್ಟು, ಹೇಗೂ ಮಾಡಲೇಬೇಕಾದ ಖರ್ಚಿನ ಮೇಲೆ ಶೇ. 1ರ ಆಸುಪಾಸಿನ ರಿಯಾಯಿತಿ ಎಂದು ಇದನ್ನು ಕಂಡರೆ ಲೆಕ್ಕ ಸರಿಹೋಗುತ್ತದೆ.

ಮಕ್ಕಳ ಟಿಕೆಟ್ಟು ಮತ್ತು ಆಸನದ ಲಭ್ಯತೆ

ಎರಡು ವರ್ಷ ತುಂಬದ ಕೂಸು ಹಿರಿಯರ ಮಡಿಲಲ್ಲಿ ಪ್ರಯಾಣ ಮಾಡಬಹುದು. ಅದಕ್ಕೆ ಪ್ರತ್ಯೇಕ ಆಸನವಿಲ್ಲ. ಸಣ್ಣ ಮೊತ್ತದ ಶುಲ್ಕವಿರುತ್ತದೆ, ಅದನ್ನು ಸಾಮಾನ್ಯವಾಗಿ ಹಣದ ರೂಪದಲ್ಲೇ ಕೊಡಬೇಕಾಗುತ್ತದೆ. ಎರಡು ವರ್ಷ ತುಂಬಿದ ಮಗುವಿಗೆ ಆಸನ ಕಡ್ಡಾಯ. ಹೋಗುವಾಗ ಎರಡು ತುಂಬಿರದೆ, ಹಿಂದಿರುಗುವ ದಿನಕ್ಕೆ ತುಂಬಿದ್ದರೆ ಮರುಪ್ರಯಾಣಕ್ಕೆ ಟಿಕೆಟ್ಟು ಬೇಕಾಗುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ದೇಶದೊಳಗಿನ ವಿಮಾನಗಳಲ್ಲಿ ಮಕ್ಕಳ ದರವು ಬಹುಮಟ್ಟಿಗೆ ದೊಡ್ಡವರ ದರಕ್ಕೆ ಸಮನಾಗಿಯೇ ಇರುವುದರಿಂದ, ಪಾಯಿಂಟುಗಳ ಲೆಕ್ಕದಲ್ಲೂ ಅವರನ್ನು ದೊಡ್ಡವರಂತೆಯೇ ಎಣಿಸಬೇಕು.

ಗಂಡನ ಖಾತೆಯಲ್ಲಿ ಆರು ಸಾವಿರ, ಹೆಂಡತಿಯ ಖಾತೆಯಲ್ಲಿ ಐದು ಸಾವಿರ ಹೀಗೆ ಪಾಯಿಂಟುಗಳು ಚದುರಿಹೋದರೆ ಎರಡರಿಂದಲೂ ಟಿಕೆಟ್ಟು ಬರುವುದಿಲ್ಲ. ಕೆಲವು ವಿಮಾನ ಸಂಸ್ಥೆಗಳು ಕುಟುಂಬದ ಸದಸ್ಯರ ಪಾಯಿಂಟುಗಳನ್ನು ಒಂದೆಡೆ ಕೂಡಿಸಲು ಅನುಮತಿ ನೀಡುತ್ತವೆ. ಇನ್ನೊಂದು ದಾರಿ, ಒಂದೇ ಖಾತೆಯ ಮೇಲೆ ಮನೆಯವರಿಗೆ ಹೆಚ್ಚುವರಿ ಕಾರ್ಡನ್ನು ಪಡೆಯುವುದು. ಆದರೆ ಹೆಚ್ಚುವರಿ ಕಾರ್ಡಿನಲ್ಲಿ ಆದ ಖರ್ಚಿನ ಹೊಣೆ ಸಂಪೂರ್ಣವಾಗಿ ಮೂಲ ಕಾರ್ಡುದಾರರದೇ.

ಬೇಸಿಗೆ ರಜೆ, ದಸರಾ, ದೀಪಾವಳಿಯ ದಿನಗಳಲ್ಲಿ ಪಾಯಿಂಟಿನ ಆಸನಗಳು ವಿರಳವಾಗಿರುತ್ತವೆ, ಇಲ್ಲವೇ ಹೆಚ್ಚು ಪಾಯಿಂಟುಗಳನ್ನು ಕೇಳುತ್ತವೆ. ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಕ್ಕೆ ಬೇಕಾಗುವುದು ಅದೇ ದಿನಗಳು. ಒಂದೇ ವಿಮಾನದಲ್ಲಿ ನಾಲ್ಕು ಆಸನ ಸಿಗದಿದ್ದಲ್ಲಿ ಪಾಯಿಂಟಿನಿಂದ ಎರಡನ್ನು, ಹಣದಿಂದ ಎರಡನ್ನು ಕೊಳ್ಳಬಹುದು. ಆಗ ಟಿಕೆಟ್ಟುಗಳು ಬೇರೆ ಬೇರೆ ನೋಂದಣಿಯಾಗುವುದರಿಂದ ಮಕ್ಕಳನ್ನು ಹಿರಿಯರೊಬ್ಬರ ಜೊತೆ ಒಂದೇ ನೋಂದಣಿಯಲ್ಲಿ ಸೇರಿಸುವುದು ಕ್ಷೇಮ.

ಲಾಭ ಕರಗುವ ದಾರಿಗಳು

ಮೊದಲನೆಯದು ಬಡ್ಡಿ. ಬಿಲ್ಲಿನ ಪೂರ್ಣ ಮೊತ್ತವನ್ನು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿರಹಿತ ಅವಧಿಯ ಸೌಲಭ್ಯವಿದೆ. ಸ್ವಲ್ಪ ಬಾಕಿ ಉಳಿದರೂ ಆ ಸೌಲಭ್ಯ ತಪ್ಪಿಹೋಗಿ, ಹೊಸ ಖರೀದಿಗಳಿಗೂ ಖರೀದಿಯ ದಿನದಿಂದಲೇ ಬಡ್ಡಿ ಬೀಳತೊಡಗುತ್ತದೆ. ತಿಂಗಳಿಗೆ ಶೇ. 3.5ರ ಬಡ್ಡಿ ಎಂದರೆ ವರ್ಷಕ್ಕೆ ಶೇ. 42. ಮೇಲಿನ ಕುಟುಂಬವು 40,000 ರೂಪಾಯಿಯ ಬಿಲ್ಲನ್ನು ಒಂದು ತಿಂಗಳು ಉಳಿಸಿಕೊಂಡರೆ ಬಡ್ಡಿ 1,400 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. 252 ರೂಪಾಯಿ, ಒಟ್ಟು 1,652 ರೂಪಾಯಿ. ಮೂರು ತಿಂಗಳು ಹೀಗಾದರೆ 4,956 ರೂಪಾಯಿ. ಇಡೀ ವರ್ಷ ಪಾಯಿಂಟುಗಳಿಂದ ಬಂದ 4,580 ರೂಪಾಯಿ ಲಾಭವು ಮೂರೇ ತಿಂಗಳಲ್ಲಿ ಅಳಿಸಿಹೋಗಿ ಕೈಯಿಂದ ಹಣ ಹೋಗಿರುತ್ತದೆ. ವಿಳಂಬ ಶುಲ್ಕ ಇದರ ಹೊರತು.

ಬಿಲ್ಲಿನಲ್ಲಿ ನಮೂದಿಸುವ ‘ಕನಿಷ್ಠ ಪಾವತಿ ಮೊತ್ತ’ ಎಂಬುದು ಅನೇಕರನ್ನು ದಾರಿ ತಪ್ಪಿಸುತ್ತದೆ. 40,000ದ ಬಿಲ್ಲಿಗೆ ಕನಿಷ್ಠ ಮೊತ್ತ 2,000 ಎಂದಿರಲಿ. ಅಷ್ಟನ್ನೇ ಕಟ್ಟಿದರೆ 38,000 ಉಳಿಯುತ್ತದೆ. ಮುಂದಿನ ತಿಂಗಳು ಅದರ ಮೇಲೆ ಬಡ್ಡಿ ಮತ್ತು ತೆರಿಗೆ ಸೇರಿ ಸುಮಾರು 1,570 ರೂಪಾಯಿ. ಆಗ ಮತ್ತೆ 2,000 ಕಟ್ಟಿದರೂ ಅಸಲಿಗೆ ಜಮೆಯಾಗುವುದು 430 ರೂಪಾಯಿಯಷ್ಟೆ. ಒಂದು ಕಾಲದಲ್ಲಿ ಈ ಬಡ್ಡಿಗೆ ಮಿತಿ ಹಾಕುವ ಪ್ರಯತ್ನವೂ ನಡೆಯಿತು. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ವಿವಾದ ಪರಿಹಾರ ಆಯೋಗವು 2008ರ ಜುಲೈನಲ್ಲಿ ತೀರ್ಪಿತ್ತಿತ್ತು. ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 20ರಂದು ಆ ತೀರ್ಪನ್ನು ರದ್ದುಪಡಿಸಿತು. ಆದುದರಿಂದ ಬಡ್ಡಿಯಿಂದ ತಪ್ಪಿಸಿಕೊಳ್ಳುವ ಎಚ್ಚರವನ್ನು ಕಾರ್ಡುದಾರರೇ ವಹಿಸಬೇಕಾಗಿದೆ.

ಎರಡನೆಯದು ಸ್ವಾಗತ ಪಾಯಿಂಟುಗಳ ಆಸೆ. ಹೊಸ ಕಾರ್ಡು ಪಡೆದ 90 ದಿನಗಳಲ್ಲಿ 1,50,000 ರೂಪಾಯಿ ಖರ್ಚು ಮಾಡಿದರೆ 10,000 ಪಾಯಿಂಟು ಎಂಬ ಷರತ್ತು ಇದೆಯೆಂದು ಭಾವಿಸೋಣ. ಮೇಲಿನ ಕುಟುಂಬದ ಮೂರು ತಿಂಗಳ ಖರ್ಚು 1,20,000 ರೂಪಾಯಿ. ಕೊರತೆಯಾದ 30,000ಕ್ಕೆ ಅಗತ್ಯವಿಲ್ಲದ ವಸ್ತುವನ್ನು ಕೊಂಡರೆ, 6,000 ರೂಪಾಯಿ ಬೆಲೆಯ ಪಾಯಿಂಟುಗಳಿಗಾಗಿ 30,000 ರೂಪಾಯಿ ಕಳೆದಂತೆ. ಅದೇ, ಶಾಲಾ ಶುಲ್ಕವೋ ಮನೆಗೆ ಬೇಕೇಬೇಕಾದ ದೊಡ್ಡ ಖರೀದಿಯೋ ಬರುವ ತಿಂಗಳುಗಳನ್ನು ನೋಡಿಕೊಂಡು ಕಾರ್ಡು ಪಡೆದವರಿಗೆ ಆ 10,000 ಪಾಯಿಂಟುಗಳು ನಿಜವಾದ ಲಾಭ.

ಮೂರನೆಯದು ಪಾವತಿಯ ಮೇಲಿನ ಹೆಚ್ಚುವರಿ ಶುಲ್ಕ. 50,000 ರೂಪಾಯಿ ಶಾಲಾ ಶುಲ್ಕವನ್ನು ಕಾರ್ಡಿನಲ್ಲಿ ಕಟ್ಟಲು ಶೇ. 1.5ರ ಸೇವಾಶುಲ್ಕ ಕೇಳಿದರೆ 750 ರೂಪಾಯಿ ಹೋಗುತ್ತದೆ. ಬರುವ 1,000 ಪಾಯಿಂಟುಗಳ ಬೆಲೆ 600 ರೂಪಾಯಿ. ಇಂತಹ ಕಡೆ ನೇರವಾಗಿ ಬ್ಯಾಂಕಿನ ಖಾತೆಯಿಂದ ಪಾವತಿ ಮಾಡುವುದೇ ಮಿಗಿಲು. ಮನೆಬಾಡಿಗೆ, ಇಂಧನ, ವಿಮೆ, ಸರ್ಕಾರಿ ಪಾವತಿ ಮೊದಲಾದವುಗಳಿಗೆ ಅನೇಕ ಕಾರ್ಡುಗಳು ಪಾಯಿಂಟು ಕೊಡುವುದಿಲ್ಲ ಅಥವಾ ಕಡಿಮೆ ಕೊಡುತ್ತವೆ ಎಂಬುದನ್ನೂ ಮೊದಲೇ ಓದಿ ತಿಳಿಯಬೇಕು. ಕಾರ್ಡಿನಿಂದ ನಗದು ಪಡೆದರಂತೂ ಮೊದಲ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ.

ನಾಲ್ಕನೆಯದು ಕಾಲ. ಪಾಯಿಂಟುಗಳಿಗೆ ಬಡ್ಡಿ ಬೆಳೆಯುವುದಿಲ್ಲ. ಟಿಕೆಟ್ಟಿಗೆ ಬೇಕಾದ ಪಾಯಿಂಟುಗಳ ಸಂಖ್ಯೆಯನ್ನು ಸಂಸ್ಥೆಯು ಯಾವಾಗ ಬೇಕಾದರೂ ಏರಿಸಬಹುದು. ಬೆಂಗಳೂರು ಮೂಲದ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ, ಅದನ್ನೇ ನೆಚ್ಚಿ ಕೂಡಿಟ್ಟ ಪಾಯಿಂಟುಗಳಿಗೆ ಆಸನ ಕೊಡಲು ಅದರ ವಿಮಾನಗಳೇ ಇರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ಸ್ಥಗಿತಗೊಳಿಸಿತು. 2024ರ ನವೆಂಬರ್ 12ರಂದು ವಿಸ್ತಾರಾ ಸಂಸ್ಥೆಯು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಮಾತ್ರ ಸದಸ್ಯರ ಪಾಯಿಂಟುಗಳು ಏರ್ ಇಂಡಿಯಾದ ಯೋಜನೆಗೆ ವರ್ಗಾವಣೆಯಾದವು. ಪಾಯಿಂಟುಗಳು ಉಳಿತಾಯ ಖಾತೆಯ ಹಣವಲ್ಲ. ಅಗತ್ಯವಿರುವಷ್ಟು ಸೇರಿದೊಡನೆ ಬಳಸಿಬಿಡುವುದು ಜಾಣತನ.

ಗ್ರಾಹಕರಿಗಿರುವ ರಕ್ಷಣೆ

ಭಾರತೀಯ ರಿಜರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಹೊರಡಿಸಿ, ಅದೇ ವರ್ಷದ ಜುಲೈ 1ರಿಂದ ಜಾರಿಗೆ ತಂದ ನಿರ್ದೇಶನಗಳು ಕಾರ್ಡುದಾರರಿಗೆ ಹಲವು ಹಕ್ಕುಗಳನ್ನು ನೀಡಿದವು. ಕೇಳದೆ ಕಾರ್ಡನ್ನು ಕಳುಹಿಸುವಂತಿಲ್ಲ. ಬಡ್ಡಿ, ಶುಲ್ಕ ಮೊದಲಾದ ಮುಖ್ಯ ವಿವರಗಳನ್ನು ಒಂದು ಪುಟದ ಹೇಳಿಕೆಯಲ್ಲಿ ಅರ್ಜಿಯ ಜೊತೆಗೇ ಕೊಡಬೇಕು. ಗಡುವಿನ ನಂತರ ಮೂರು ದಿನ ಮೀರಿದ ಮೇಲೆಯೇ ವಿಳಂಬ ಶುಲ್ಕ ವಿಧಿಸಬೇಕು. ಬಾಕಿಯೆಲ್ಲ ತೀರಿಸಿದ ಗ್ರಾಹಕನು ಕಾರ್ಡನ್ನು ಮುಚ್ಚಲು ಕೋರಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಪ್ಪಿದಲ್ಲಿ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ದಂಡ ತೆರಬೇಕು. ಕಾರ್ಡನ್ನು ಮುಚ್ಚುವ ಮೊದಲು ಉಳಿದ ಪಾಯಿಂಟುಗಳನ್ನು ಬಳಸಿಕೊಳ್ಳಲು ಮರೆಯಬಾರದು.

ದೂರನ್ನು ಮೊದಲು ಬ್ಯಾಂಕಿಗೇ ಲಿಖಿತವಾಗಿ ಸಲ್ಲಿಸಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಿಜರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.

ಪಾಯಿಂಟುಗಳ ಹೆಸರಿನಲ್ಲಿ ವಂಚನೆಯೂ ನಡೆಯುತ್ತದೆ. ‘ನಿಮ್ಮ ಪಾಯಿಂಟುಗಳು ಇಂದು ರಾತ್ರಿ ರದ್ದಾಗುತ್ತವೆ, ಈ ಕೊಂಡಿಯನ್ನು ಒತ್ತಿ ಹಣವಾಗಿಸಿಕೊಳ್ಳಿ’ ಎಂಬ ಸಂದೇಶಗಳು ಮೊಬೈಲಿಗೆ ಬರುತ್ತವೆ. ಕೊಂಡಿಯನ್ನು ತೆರೆದು ಕಾರ್ಡಿನ ಸಂಖ್ಯೆ ಮತ್ತು ಓ.ಟಿ.ಪಿ.ಯನ್ನು ಕೊಟ್ಟವರು ಪಾಯಿಂಟುಗಳ ಬದಲು ಹಣವನ್ನೇ ಕಳೆದುಕೊಳ್ಳುತ್ತಾರೆ. ಪಾಯಿಂಟುಗಳ ವಿವರವನ್ನು ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲಿ ಅಥವಾ ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿ ಮಾತ್ರ ವಿಚಾರಿಸಬೇಕು. ಮೋಸಹೋದುದು ತಿಳಿದ ಕೂಡಲೇ ಕಾರ್ಡನ್ನು ತಡೆಹಿಡಿಯುವಂತೆ ಬ್ಯಾಂಕಿಗೆ ತಿಳಿಸಿ, 1930 ಸಹಾಯವಾಣಿಗೆ ಕರೆ ಮಾಡಬೇಕು.

ಕಾರ್ಡು ಪಡೆಯುವ ಮುನ್ನ

ಅರ್ಜಿಗೆ ಸಹಿ ಹಾಕುವ ಮೊದಲು ಗಂಡಹೆಂಡತಿ ಇಬ್ಬರೂ ಕುಳಿತು ಈ ಕೆಳಗಿನ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದುಕೊಳ್ಳುವುದು ಒಳಿತು.

1. ಕಳೆದ ಹನ್ನೆರಡು ತಿಂಗಳಲ್ಲಿ ಪ್ರತಿ ತಿಂಗಳೂ ಖರ್ಚು ಆದಾಯದ ಒಳಗೇ ಇತ್ತೆ?

2. ಈಗಿನ ಖರ್ಚನ್ನು ಒಂದು ರೂಪಾಯಿಯೂ ಹೆಚ್ಚಿಸದೆ ವರ್ಷಕ್ಕೆ ಎಷ್ಟು ಪಾಯಿಂಟುಗಳು ಬರುತ್ತವೆ?

3. ತಮ್ಮ ಊರಿನ ಹಾದಿಯಲ್ಲಿ, ತಮಗೆ ರಜೆಯಿರುವ ದಿನಗಳಲ್ಲಿ, ಒಂದು ಪಾಯಿಂಟಿನ ಬೆಲೆ ಎಷ್ಟು ಪೈಸೆ?

4. ವಾರ್ಷಿಕ ಶುಲ್ಕ ಕಳೆದ ಮೇಲೆ ಎಷ್ಟು ಉಳಿಯುತ್ತದೆ?

5. ಪಾಯಿಂಟುಗಳ ಆಯುಸ್ಸು ಎಷ್ಟು? ಅಷ್ಟರಲ್ಲಿ ಕನಿಷ್ಠ ಒಂದು ಟಿಕೆಟ್ಟಿಗಾಗುವಷ್ಟು ಸೇರುತ್ತವೆಯೆ?

ಮೊದಲ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದ ನಾಲ್ಕನ್ನು ನೋಡುವ ಅಗತ್ಯವಿಲ್ಲ. ಅಂತಹ ಕುಟುಂಬವು ತಿಂಗಳಿಗೆ ಒಂದಿಷ್ಟು ಹಣವನ್ನು ಬ್ಯಾಂಕಿನ ಆವರ್ತ ಠೇವಣಿಯಲ್ಲಿ ಕಟ್ಟುತ್ತ ಹೋಗಿ, ರಜೆಗೆ ಸಾಕಷ್ಟು ಮುಂಚಿತವಾಗಿ ಅಗ್ಗದ ದರದ ಟಿಕೆಟ್ಟನ್ನೋ ರೈಲಿನ ಟಿಕೆಟ್ಟನ್ನೋ ಕೊಳ್ಳುವುದು ಹಿತಕರ. ‘ಹೌದು’ ಎಂಬ ಉತ್ತರ ಬಂದವರು, ಬಿಲ್ಲಿನ ಪೂರ್ಣ ಮೊತ್ತವು ಗಡುವಿನ ದಿನ ಖಾತೆಯಿಂದ ತಾನಾಗಿ ಪಾವತಿಯಾಗುವ ವ್ಯವಸ್ಥೆಯನ್ನು ಮೊದಲ ತಿಂಗಳಿನಿಂದಲೇ ಮಾಡಿಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಅಭ್ಯಾಸವುಳ್ಳ ಮನೆಗೆ ಎರಡು ಮೂರು ವರ್ಷಗಳಿಗೊಮ್ಮೆ ಒಂದೆರಡು ಟಿಕೆಟ್ಟುಗಳ ಉಳಿತಾಯವನ್ನು ಈ ಪಾಯಿಂಟುಗಳು ಖಂಡಿತವಾಗಿ ಮಾಡಿಕೊಡುತ್ತವೆ.